ಮನೆ ಕೊಳ್ಳುವ ಮುನ್ನ ಪರಿಶೀಲನೆ

ಅಡಿಕೆಯನ್ನು ಒಡೆದು ನೋಡದೆ ಯಾವ ವ್ಯಾಪಾರಿಯೂ ಧಾರಣೆ ಹೇಳುವುದಿಲ್ಲ. ಔಟ್‌ಟರ್ನ್ ನೋಡದೆ ತಿಳಿದ ಬೆಳೆಗಾರರು ಚೆರಿ ಕಾಫಿಯ ಬೆಲೆಗೆ ಒಪ್ಪುವುದಿಲ್ಲ. ಒಂದು ವರ್ಷದ ಫಸಲಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ಹತ್ತಾರು ವರ್ಷಗಳ ಉಳಿತಾಯವನ್ನು ಸುರಿದು ಮನೆ ಕೊಳ್ಳುವಾಗ ಮಾತ್ರ ಜಗಲಿಯಲ್ಲಿ ಕುಳಿತು ಮಾತು ಮುಗಿಸಿ ಮುಂಗಡ ಕೊಟ್ಟು ಬರುವುದುಂಟು. ಹಿಸ್ಸೆಯಾದ ಮೇಲೆ ಬೇರೆ ಮನೆ ಬೇಕಾದವರು, ಮಕ್ಕಳ ಓದಿಗೆಂದು ಪೇಟೆಯ ಬಳಿ ಮನೆ ಹುಡುಕುವವರು, ತೋಟದೊಡನೆ ಹಳೆಯ ಹಂಚಿನ ಮನೆ ಕೊಳ್ಳುವವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಅವರಿಗೆ ಈ ಕೆಲವು ಸೂಚನೆಗಳು ಉಪಯುಕ್ತವಾದಾವು.

ಕಾನೂನಿನ ಮಾತು

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣದಂತೆ, ಸ್ವತ್ತಿನಲ್ಲಿರುವ ಮುಖ್ಯ ದೋಷವನ್ನು ಮಾರುವವನು ಕೊಳ್ಳುವವನಿಗೆ ತಿಳಿಸಬೇಕು. ಆದರೆ ಇದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ದೋಷಕ್ಕೆ ಮಾತ್ರ ಅನ್ವಯಿಸುತ್ತದೆ. ಬಿರುಕು ಬಿಟ್ಟ ಗೋಡೆ, ಸೋರುವ ಮಾಡು ಕಣ್ಣಿಗೆ ಕಾಣುವಂಥವು. ಅವನ್ನು ನೋಡದೆ ಕೊಂಡು ಆಮೇಲೆ ದೂರಿದರೆ ಪರಿಹಾರ ಸಿಗುವುದು ಕಷ್ಟ. ಆದ್ದರಿಂದ ಪರಿಶೀಲನೆಯ ಹೊಣೆ ಕೊಳ್ಳುವವನದೇ ಎಂದು ತಿಳಿಯತಕ್ಕದ್ದು.

ಯಾವಾಗ ನೋಡಬೇಕು?

ಬೇಸಿಗೆಯಲ್ಲಿ ಎಲ್ಲ ಮನೆಯೂ ಗಟ್ಟಿಯೇ. ಸಾಧ್ಯವಿದ್ದರೆ ಜುಲೈ-ಆಗಸ್ಟ್ ತಿಂಗಳ ಜೋರು ಮಳೆಯಲ್ಲೊಮ್ಮೆ, ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿನಲ್ಲೊಮ್ಮೆ ಹೋಗಿ ನೋಡಬೇಕು. ಮಳೆಯಲ್ಲಿ ಮಾಡಿನ ಸ್ಥಿತಿ, ಬೇಸಿಗೆಯಲ್ಲಿ ಬಾವಿಯ ಸ್ಥಿತಿ ತಿಳಿಯುತ್ತದೆ. ಅಷ್ಟು ಕಾಯಲಾಗದಿದ್ದರೆ ಗೋಡೆಯ ಮೇಲಿನ ನೀರಿನ ಕಲೆ, ಪಾಚಿ, ಉಪ್ಪೊಡೆದ ಗಾರೆ ಇವುಗಳನ್ನು ಗಮನಿಸಿ. ಇಡೀ ಮನೆಗೆ ಹಳೆಯ ಬಣ್ಣವಿದ್ದು ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಕಾರಣ ಕೇಳಿ.

ಏನೇನು ನೋಡಬೇಕು?

1. ದರೆ ಮತ್ತು ಇಳಿಜಾರು: ಮಲೆನಾಡಿನಲ್ಲಿ ಮೊದಲು ನೋಡಬೇಕಾದುದು ಮನೆಯನ್ನಲ್ಲ, ಮನೆಯ ಹಿಂದಿನ ಗುಡ್ಡವನ್ನು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿಯೂ ಗುಡ್ಡ ಕುಸಿದು ಮನೆ-ತೋಟಗಳು ಹಾಳಾದುದನ್ನು ನಾವು ಮರೆಯುವಂತಿಲ್ಲ. ಮನೆಗಾಗಿ ದರೆಯನ್ನು ನೆಟ್ಟಗೆ ಕಡಿದಿದ್ದಾರೆಯೇ? ಮೇಲೆ ನೆಲ ಬಿರಿದಿದೆಯೇ? ಮರಗಳೂ ಕಂಬಗಳೂ ಒಂದೇ ಕಡೆಗೆ ವಾಲಿವೆಯೇ? ಮಳೆಗಾಲದಲ್ಲಿ ದರೆಯಿಂದ ಕೆಸರು ನೀರು ಹೊರಡುತ್ತದೆಯೇ? ಮೇಲಿನ ನೀರನ್ನು ಬೇರೆಡೆಗೆ ತಿರುಗಿಸುವ ಚರಂಡಿ ಇದೆಯೇ? ಉತ್ತರಗಳು ಸಮಾಧಾನಕರವಾಗಿ ಇಲ್ಲದಿದ್ದರೆ, ಬೆಲೆ ಎಷ್ಟೇ ಅಗ್ಗವಾದರೂ ಅಂಥ ಮನೆ ಬೇಡ.

2. ಗೋಡೆ: ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಾಗಿಲ್ಲ. ಕಿಟಕಿ-ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ ಅಗಲವಾಗಿರುವ ಬಿರುಕು ಅಡಿಪಾಯ ಕುಸಿದ ಸೂಚನೆಯಾಗಿರಬಹುದು. ಮಣ್ಣು ತುಂಬಿಸಿ ಎತ್ತರಿಸಿದ ಜಾಗದಲ್ಲಿ ಮನೆ ಕಟ್ಟಿದ್ದರೆ ಇನ್ನೂ ಎಚ್ಚರ ಬೇಕು.

3. ಮಾಡು: ಏಣಿ ಹಾಕಿ ಮೇಲೆ ಹತ್ತಿಯೇ ನೋಡಬೇಕು. ಹಂಚು ಒಡೆದಿದ್ದರೆ ಬದಲಾಯಿಸುವುದು ಸುಲಭ. ಪಕಾಸು, ರೀಪು, ತೊಲೆಗಳು ಲಡ್ಡಾಗಿದ್ದರೆ ಖರ್ಚು ದೊಡ್ಡದು. ಸೂರಿನ ತುದಿ ಹಾಗೂ ತೊಲೆಗಳು ಗೋಡೆಯೊಳಗೆ ಹೊಕ್ಕಿರುವ ಜಾಗ ಬೇಗ ಹಾಳಾಗುತ್ತವೆ. ತಾರಸಿ ಮನೆಯಾದರೆ ಸಿಮೆಂಟು ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆಯೇ ನೋಡಿ.

4. ಗೆದ್ದಲು: ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಯಂಥ ಗೆರೆಗಳಿದ್ದರೆ ಗೆದ್ದಲು ನೆಲದಿಂದ ಏರಿದೆ ಎಂದರ್ಥ. ಬಾಗಿಲು ಚೌಕಟ್ಟಿನ ಬುಡವನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚಿ, ಮರವನ್ನು ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ ಒಳಗೆ ತಿರುಳಿಲ್ಲ.

5. ನೀರು ಮತ್ತು ಶೌಚ: ಬೇಸಿಗೆಯಲ್ಲಿ ಬಾವಿಯ ನೀರಿನ ಆಳ ಅಳೆಯಿರಿ, ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿರಿ. ಶೌಚದ ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು.

6. ವಿದ್ಯುತ್ತು: ಹಳೆಯ ಮನೆಗಳಲ್ಲಿ ಅರ್ಥಿಂಗ್ ಇಲ್ಲದಿರುವುದುಂಟು. ಬಲ್ಲ ಎಲೆಕ್ಟ್ರಿಷಿಯನ್‌ನಿಂದ ವೈರಿಂಗ್ ಪರೀಕ್ಷೆ ಮಾಡಿಸಿ. ಜೀವರಕ್ಷಣೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅವಶ್ಯ.

7. ದಾಖಲೆ: ಋಣಭಾರ ಪತ್ರ, ಪಹಣಿ, ಪಂಚಾಯತಿಯ ಇ-ಸ್ವತ್ತು ನಮೂನೆ, ಮೂಲ ಕ್ರಯಪತ್ರ ಇವನ್ನು ವಕೀಲರಿಗೆ ತೋರಿಸಿ. ನೋಂದಣಿಯಾಗದ ವ್ಯವಹಾರ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಆದ್ದರಿಂದ ನಕಲನ್ನಲ್ಲ, ಮೂಲ ಪತ್ರವನ್ನೇ ಕೇಳಿ. ಜಾಗವನ್ನು ಅಳತೆ ಮಾಡಿಸಿ, ಮನೆಯಾಗಲಿ ಕೊಟ್ಟಿಗೆಯಾಗಲಿ ಸೊಪ್ಪಿನ ಬೆಟ್ಟದಲ್ಲೋ ಸರ್ಕಾರಿ ಜಾಗದಲ್ಲೋ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಪರಿಶೀಲನೆಯಿಂದ ಲಾಭ

ಪರಿಶೀಲನೆಯೆಂದರೆ ವ್ಯಾಪಾರ ಮುರಿಯುವುದಲ್ಲ, ಸರಿಯಾದ ಬೆಲೆ ಕಟ್ಟುವುದು. ಒಂದು ಲೆಕ್ಕ ನೋಡೋಣ. ಮಾರುವವರು 30 ಲಕ್ಷ ರೂಪಾಯಿ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಮಾಡಿನ ಮರ ಬದಲಿಸಲು 3 ಲಕ್ಷ, ವೈರಿಂಗಿಗೆ 80 ಸಾವಿರ, ಹಿಂಬದಿಯ ತಡೆಗೋಡೆಗೆ 2 ಲಕ್ಷ ಬೇಕೆಂದು ನಿಮ್ಮ ಎಂಜಿನಿಯರರು ಬರೆದುಕೊಟ್ಟರೆ, ಆ ಮನೆ ನಿಮಗೆ ಬೀಳುವುದು 35 ಲಕ್ಷ 80 ಸಾವಿರಕ್ಕೆ. ಈ ಪಟ್ಟಿಯನ್ನು ಮುಂದಿಟ್ಟು ಮಾತಾಡಿದರೆ ಬೆಲೆ ಇಳಿಯಬಹುದು, ಇಲ್ಲವೇ ಮಾರುವವರೇ ದುರಸ್ತಿ ಮಾಡಿಸಿಕೊಡಬಹುದು. ಎರಡೂ ಆಗದಿದ್ದರೆ ಕೈಬಿಡಲು ಕಾರಣವಾದರೂ ಸಿಗುತ್ತದೆ. ಒಪ್ಪಿದ ದುರಸ್ತಿಯನ್ನು ಕರಾರು ಪತ್ರದಲ್ಲಿ ಬರೆಸಬೇಕು, ಬಾಯಿಮಾತು ಸಾಲದು.

ಒಬ್ಬ ಸಿವಿಲ್ ಎಂಜಿನಿಯರ್, ಒಬ್ಬ ಅನುಭವಿ ಬಡಗಿ, ಒಬ್ಬ ಎಲೆಕ್ಟ್ರಿಷಿಯನ್ ಈ ಮೂವರನ್ನು ಮುಂಗಡ ಕೊಡುವ ಮೊದಲೇ ಕರೆದೊಯ್ಯಿರಿ. ಅವರನ್ನು ನೀವೇ ಆರಿಸಬೇಕು, ದಲ್ಲಾಳಿ ಸೂಚಿಸಿದವರು ಬೇಡ. ಮಾರುವವರು ನೆಂಟರೋ ನೆರೆಯವರೋ ಆಗಿದ್ದರೆ ಸಂಕೋಚವಾಗುವುದು ಸಹಜ. ಆದರೆ ಕೊಂಡ ಮೇಲೆ ಮನಸ್ತಾಪ ಬರುವುದಕ್ಕಿಂತ, ಮೊದಲೇ ನೋಡಿ ಕೇಳಿ ತಿಳಿಯುವುದು ಇಬ್ಬರಿಗೂ ಕ್ಷೇಮ.