ಗಾಯ ಮಾಯುವ ಬಗೆ ಮತ್ತು ಜೀವಕೋಶದ ಗ್ರಾಹಕ: ಶಿಕ್ಷಕರಿಗೆ ಪಾಠ ವಿವರಣೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಎರಡು ಸಂಗತಿಗಳು ಬೇರೆ ಬೇರೆ ಪಾಠಗಳಲ್ಲಿ ಬರುತ್ತವೆ. ರಕ್ತದ ಕಿರುತಟ್ಟೆಗಳು ಗಾಯದ ಸೋರಿಕೆಯನ್ನು ತಡೆಯುತ್ತವೆ ಎಂಬುದು ಒಂದು. ಹಾರ್ಮೋನುಗಳು ರಾಸಾಯನಿಕ ಸಂದೇಶಗಳನ್ನು ಒಯ್ಯುತ್ತವೆ ಎಂಬುದು ಇನ್ನೊಂದು. ಸಂದೇಶವನ್ನು ಜೀವಕೋಶವು ಹೇಗೆ ಪಡೆಯುತ್ತದೆ, ಪಡೆದ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳಲ್ಲಿ ಸ್ಪಷ್ಟ ಉತ್ತರ ದೊರೆಯುವುದು ವಿರಳ. ಕಿರುತಟ್ಟೆಜನ್ಯ ಬೆಳವಣಿಗೆ ಅಂಶ ಅಥವಾ ಪಿಡಿಜಿಎಫ್ ಮತ್ತು ಅದರ ಗ್ರಾಹಕಗಳ ಮೂಲಕ ಈ ಎರಡು ಪಾಠಗಳನ್ನು ಬೆಸೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗೋವಾದ ನಮ್ಮ ಮಕ್ಕಳಿಗೆ ಇದು ವಿಶೇಷವಾಗಿ ಅಗತ್ಯ. ವಾಸ್ಕೊ, ಝುವಾರಿನಗರ ಮೊದಲಾದೆಡೆ ನೆಲೆಸಿರುವ ಉತ್ತರ ಕರ್ನಾಟಕದ ಕುಟುಂಬಗಳ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ ಆಡುತ್ತಾರೆ. ಹತ್ತನೆಯ ತರಗತಿಯ ನಂತರ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಕಲ್ಪನೆಯು ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಮುಂದೆ ಅವರು ಕಲಿಯಬೇಕಾದುದು ಹೊಸ ಹೆಸರುಗಳನ್ನು ಮಾತ್ರ.

ಪದದ ತೊಡಕು

‘ಗ್ರಾಹಕ’ ಎಂದೊಡನೆ ಮಕ್ಕಳ ಮನಸ್ಸಿಗೆ ಬರುವುದು ಅಂಗಡಿಯ ಗಿರಾಕಿ. ಈ ಅರ್ಥವನ್ನು ಅಲ್ಲಗಳೆಯದೆ ಪದದ ಮೂಲವನ್ನು ತೋರಿಸಬೇಕು. ಗ್ರಹಿಸುವುದು ಎಂದರೆ ಹಿಡಿಯುವುದು, ತೆಗೆದುಕೊಳ್ಳುವುದು. ಸರಕನ್ನು ಕೊಳ್ಳುವವನೂ ಗ್ರಾಹಕ, ಸಂದೇಶವನ್ನು ಹಿಡಿಯುವ ಪ್ರೋಟೀನೂ ಗ್ರಾಹಕ. ಇದನ್ನೇ ಇಂಗ್ಲಿಷಿನಲ್ಲಿ ರಿಸೆಪ್ಟರ್ ಎನ್ನುತ್ತಾರೆಂದು ಆಗಲೇ ಹೇಳಿಬಿಡಬೇಕು. ಹಾಗೆಯೇ ಡೆಂಗಿ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಎಣಿಸುವ ‘ಪ್ಲೇಟ್‌ಲೆಟ್’ ಮತ್ತು ಪುಸ್ತಕದ ‘ಕಿರುತಟ್ಟೆ’ ಒಂದೇ ಎಂಬುದು ಅನೇಕ ಮಕ್ಕಳಿಗೆ ತಿಳಿದಿರುವುದಿಲ್ಲ.

ವಿಷಯ ವಿವರಣೆ

ಮೊಣಕಾಲು ತರಚಿದಾಗ ಕಿರುತಟ್ಟೆಗಳು ಅಲ್ಲಿ ಒಟ್ಟುಗೂಡುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಇಷ್ಟಕ್ಕೆ ಗಾಯ ಮಾಯ್ದಂತಲ್ಲ. ಹಕ್ಕಳೆಯ ಕೆಳಗೆ ಹೊಸ ಅಂಗಾಂಶ ಬೆಳೆಯಬೇಕು. ಒಡೆದ ಕಿರುತಟ್ಟೆಗಳು ಹೊರಬಿಡುವ ಪಿಡಿಜಿಎಫ್, ನಾರುಗಳನ್ನು ಹೆಣೆಯುವ ಜೀವಕೋಶಗಳನ್ನೂ ರಕ್ತನಾಳದ ಸ್ನಾಯುಕೋಶಗಳನ್ನೂ ಗಾಯದೆಡೆಗೆ ಸೆಳೆದು, ವಿಭಜನೆ ಹೊಂದುವಂತೆ ಪ್ರೇರೇಪಿಸುತ್ತದೆ.

ಇದರ ಶೋಧದ ಕಥೆಯನ್ನು ತರಗತಿಯಲ್ಲಿ ಹೇಳಬಹುದು. 1974ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ರಸೆಲ್ ರಾಸ್ ಮತ್ತು ಸಂಗಡಿಗರು ಮಂಗದ ಅಪಧಮನಿಯ ಸ್ನಾಯುಕೋಶಗಳನ್ನು ಬೆಳೆಸಿದರು. ಹೆಪ್ಪುಗಟ್ಟಿದ ರಕ್ತದಿಂದ ಪಡೆದ ಸೀರಮ್ ಹಾಕಿದಾಗ ಕೋಶಗಳು ಹುಲುಸಾಗಿ ಹೆಚ್ಚಿದವು. ಕಿರುತಟ್ಟೆಗಳನ್ನು ಮೊದಲೇ ಬೇರ್ಪಡಿಸಿ ಪಡೆದ ಸೀರಮ್ ಹಾಕಿದಾಗ ಹಾಗೆ ಹೆಚ್ಚಲಿಲ್ಲ. ವ್ಯತ್ಯಾಸಕ್ಕೆ ಕಾರಣವೇನೆಂದು ವಿದ್ಯಾರ್ಥಿಗಳೇ ಊಹಿಸಲಿ. ಶಿಕ್ಷಕರು ಉತ್ತರವನ್ನು ಮೊದಲೇ ಹೇಳಬಾರದು.

ಪಿಡಿಜಿಎಫ್ ಎರಡು ಸರಪಳಿಗಳು ಜೋಡಿಯಾದ ಪ್ರೋಟೀನು. ಅದರ ಗ್ರಾಹಕಗಳಲ್ಲಿ ಆಲ್ಫಾ ಮತ್ತು ಬೀಟಾ ಎಂದು ಎರಡು ಬಗೆ. ಪ್ರತಿಯೊಂದು ಗ್ರಾಹಕವೂ ಕೋಶಪೊರೆಯನ್ನು ಹಾದು ನಿಂತಿರುತ್ತದೆ. ಹೊರಭಾಗ ಸಂದೇಶವನ್ನು ಹಿಡಿಯುತ್ತದೆ. ಒಳಭಾಗ ಟೈರೋಸಿನ್ ಕೈನೇಸ್ ಎಂಬ ಕಿಣ್ವವಾಗಿ ಕೆಲಸ ಮಾಡುತ್ತದೆ. ಪಿಡಿಜಿಎಫ್ ಬಂದು ಎರಡು ಗ್ರಾಹಕಗಳನ್ನು ಒಟ್ಟಿಗೆ ಸೇರಿಸಿದಾಗ, ಅವು ಎಟಿಪಿಯಿಂದ ಫಾಸ್ಫೇಟನ್ನು ಪಡೆದು ಒಂದಕ್ಕೊಂದು ಅಂಟಿಸುತ್ತವೆ. ಆ ಫಾಸ್ಫೇಟ್ ಗುರುತುಗಳಿಗೆ ಒಳಗಿನ ಬೇರೆ ಪ್ರೋಟೀನುಗಳು ಬಂದು ಕೂಡುತ್ತವೆ, ಸುದ್ದಿ ಸರಣಿಯಾಗಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಪಿಡಿಜಿಎಫ್ ಕೋಶಕೇಂದ್ರಕ್ಕೆ ಹೋಗಿ ಆಜ್ಞೆ ಕೊಡುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಕೆಲಸ ಮುಗಿದ ಮೇಲೆ ಫಾಸ್ಫೇಟ್ ಕಳಚಲ್ಪಡುತ್ತದೆ, ಗ್ರಾಹಕವನ್ನು ಕೋಶವು ಒಳಗೆಳೆದುಕೊಳ್ಳುತ್ತದೆ, ಸಂದೇಶ ನಿಲ್ಲುತ್ತದೆ.

ನಿಲ್ಲದ ಸಂದೇಶ

ನಿಲ್ಲಬೇಕಾದ ಸಂದೇಶ ನಿಲ್ಲದಿದ್ದರೆ ರೋಗ. 1983ರಲ್ಲಿ, ಮಂಗಗಳಲ್ಲಿ ಗಡ್ಡೆ ಉಂಟುಮಾಡುವ ಒಂದು ವೈರಸ್ಸಿನ ವಂಶವಾಹಿಯು ಪಿಡಿಜಿಎಫ್‌ನ ಒಂದು ಸರಪಳಿಯನ್ನು ಬಹುವಾಗಿ ಹೋಲುತ್ತದೆಂದು ತಿಳಿದುಬಂತು. ಗಾಯ ಮಾಯಿಸುವ ಸಂದೇಶವೂ ಕ್ಯಾನ್ಸರಿನ ಸಂದೇಶವೂ ಒಂದೇ ಭಾಷೆಯಲ್ಲಿವೆ ಎಂಬುದು ಆಗ ಸ್ಪಷ್ಟವಾಯಿತು. ಜಠರ ಮತ್ತು ಕರುಳಿನ ಜಿಸ್ಟ್ ಎಂಬ ಗಡ್ಡೆಗಳ ಒಂದು ಸಣ್ಣ ಪಾಲಿನಲ್ಲಿ ಆಲ್ಫಾ ಗ್ರಾಹಕದ ವಂಶವಾಹಿ ಬದಲಾಗಿ, ಸಂದೇಶ ಬಾರದಿದ್ದರೂ ಗ್ರಾಹಕ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಬಗೆಯ ರಕ್ತರೋಗದಲ್ಲಿ 4ನೆಯ ವರ್ಣತಂತುವಿನ ಚಿಕ್ಕ ತುಣುಕು ಕಳಚಿಹೋಗಿ ಎರಡು ವಂಶವಾಹಿಗಳು ಬೆಸೆದು, ಇದೇ ಗ್ರಾಹಕ ಸದಾ ಎಚ್ಚರವಾಗಿರುತ್ತದೆ.

ಇಮ್ಯಾಟಿನಿಬ್ ಎಂಬ ಮಾತ್ರೆ ಗ್ರಾಹಕದೊಳಗೆ ಎಟಿಪಿ ಕೂರುವ ಜಾಗದಲ್ಲಿ ತಾನೇ ಕೂತು ಸಂದೇಶವನ್ನು ತಡೆಯುತ್ತದೆ. ಅಮೆರಿಕದಲ್ಲಿ 2001ರಲ್ಲಿ ಒಂದು ಬಗೆಯ ರಕ್ತಕ್ಯಾನ್ಸರಿಗೆ ಮೊದಲು ಅನುಮತಿ ಪಡೆದ ಈ ಔಷಧ ಪಿಡಿಜಿಎಫ್ ಗ್ರಾಹಕವನ್ನೂ ತಡೆಯಬಲ್ಲದು. ಆದರೆ ಆಲ್ಫಾ ಗ್ರಾಹಕದ 842ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾದ ಗಡ್ಡೆಗೆ ಇದು ನಾಟುವುದಿಲ್ಲ. ಗ್ರಾಹಕದ ಆಕಾರ ಅಷ್ಟು ಮುಖ್ಯ.

ಈ ಮಾತ್ರೆಯ ಕಥೆ ನಮ್ಮ ದೇಶಕ್ಕೂ ಸಂಬಂಧಿಸಿದೆ. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಇದರ ಒಂದು ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು ನಿರಾಕರಿಸಿತು. ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಯ ಔಷಧವು ಭಾರತೀಯ ಕಂಪನಿಗಳಿಂದ ಸುಮಾರು 8,000ದಿಂದ 10,000 ರೂಪಾಯಿಗೆ ದೊರೆಯುತ್ತಿತ್ತು. ವೆರ್ಣಾ ಕೈಗಾರಿಕಾ ವಸಾಹತುವಿನ ಔಷಧ ಕಾರ್ಖಾನೆಗಳನ್ನು ಕಂಡ ಮಕ್ಕಳಿಗೆ, ಮಾತ್ರೆಯ ಹಿಂದೆ ವಿಜ್ಞಾನದಂತೆ ಕಾನೂನೂ ಇದೆ ಎಂಬುದು ಸುಲಭವಾಗಿ ಮನದಟ್ಟಾಗುತ್ತದೆ.

ಚಟುವಟಿಕೆ

1. ಇಬ್ಬರು ವಿದ್ಯಾರ್ಥಿಗಳು ಗ್ರಾಹಕಗಳಾಗಿ ದೂರ ನಿಲ್ಲಲಿ. ಮೂರನೆಯವರು ಪಿಡಿಜಿಎಫ್ ಆಗಿ ಬಂದು ಇಬ್ಬರ ಕೈ ಹಿಡಿದು ಹತ್ತಿರ ತರಲಿ. ಹತ್ತಿರ ಬಂದ ಮೇಲೆ ಮಾತ್ರ ಅವರು ಇನ್ನೊಂದು ಕೈಯಿಂದ ಪರಸ್ಪರರ ತೋಳಿಗೆ ಬಣ್ಣದ ಚೀಟಿ ಅಂಟಿಸಲಿ. ಚೀಟಿ ಕಂಡ ಉಳಿದವರು ಸಾಲಾಗಿ ಸುದ್ದಿಯನ್ನು ಕೋಶಕೇಂದ್ರಕ್ಕೆ ದಾಟಿಸಲಿ.
2. ಈಗ ಆ ಇಬ್ಬರನ್ನೂ ಒಂದು ಶಾಲಿನಿಂದ ಸಡಿಲವಾಗಿ ಕಟ್ಟಬೇಕು. ಪಿಡಿಜಿಎಫ್ ಇಲ್ಲದೆಯೂ ಚೀಟಿ ಅಂಟುತ್ತಲೇ ಹೋಗುತ್ತದೆ. ಇದು ರೋಗಸ್ಥಿತಿ.
3. ಚೀಟಿ ಅಂಟಿಸುವ ಕೈಗಳಿಗೆ ಒಂದೊಂದು ಚೆಂಡು ಕೊಡಬೇಕು. ಚೀಟಿ ಹಿಡಿಯಲು ಜಾಗವಿಲ್ಲ. ಇದು ಔಷಧ.

842ನೆಯ ಸ್ಥಾನದ ಬದಲಾವಣೆಯನ್ನು ಆಟದಲ್ಲಿ ತೋರಿಸಲು ಹೋಗದೆ ಮಾತಿನಲ್ಲಿ ತಿಳಿಸಿದರೆ ಸಾಕು.

ಶಿಕ್ಷಕರು ಗಮನಿಸಬೇಕಾದುದು

ತರಗತಿಯಲ್ಲಿ ಯಾರಾದರೂ ಒಬ್ಬ ವಿದ್ಯಾರ್ಥಿಯ ಮನೆಯಲ್ಲಿ ಕ್ಯಾನ್ಸರ್ ರೋಗಿ ಇರಬಹುದು. ಅವರ ತಂದೆತಾಯಿ ಬಾಂಬೋಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅಲೆಯುತ್ತಿರಬಹುದು. ಆದುದರಿಂದ ಮೂರು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕು. ಕ್ಯಾನ್ಸರ್ ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಅಂಟುವುದಿಲ್ಲ. ಇಲ್ಲಿ ಹೇಳಿದ ಗ್ರಾಹಕದ ಬದಲಾವಣೆಗಳು ಬಹುಮಟ್ಟಿಗೆ ಜೀವಿತಾವಧಿಯಲ್ಲಿ ಉಂಟಾದವು. ಯಾರ ತಪ್ಪಿನ ಶಿಕ್ಷೆಯೂ ಅಲ್ಲ. ಎಲ್ಲ ಕ್ಯಾನ್ಸರಿಗೂ ಇದೇ ಮಾತ್ರೆ ಅಲ್ಲ. ಯಾವುದಕ್ಕೆ ಯಾವುದೆಂಬುದನ್ನು ಪರೀಕ್ಷೆ ನಡೆಸಿ ವೈದ್ಯರೇ ನಿರ್ಧರಿಸಬೇಕು.

ಪಿಡಿಜಿಎಫ್ ಒಳ್ಳೆಯದೋ ಕೆಟ್ಟದ್ದೋ ಎಂದು ಮಕ್ಕಳು ಕೇಳುವುದುಂಟು. ಮಧುಮೇಹಿಗಳ ಪಾದದ ಮಾಯದ ಹುಣ್ಣಿಗೆ ಹಚ್ಚಲು ಪಿಡಿಜಿಎಫ್ ಇರುವ ಲೇಪಕ್ಕೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು ಎಂಬುದನ್ನು ಆಗ ಹೇಳಬೇಕು. ಒಂದೆಡೆ ಸಂದೇಶ ಸಾಲದು, ಇನ್ನೊಂದೆಡೆ ಅತಿಯಾಯಿತು. ಕಾಲ, ಸ್ಥಳ, ಪ್ರಮಾಣಗಳೇ ಉತ್ತರ.

ಮೌಲ್ಯಮಾಪನದ ಪ್ರಶ್ನೆಗಳು

1. ರಕ್ತ ಹೆಪ್ಪುಗಟ್ಟುವುದಕ್ಕೂ ಗಾಯ ಮಾಯುವುದಕ್ಕೂ ಇರುವ ವ್ಯತ್ಯಾಸವೇನು?
2. ಪಿಡಿಜಿಎಫ್ ಜೀವಕೋಶದ ಹೊರಗೇ ಇದ್ದು ಒಳಗಿನ ಕೆಲಸವನ್ನು ಹೇಗೆ ಮಾಡಿಸುತ್ತದೆ?
3. ರಾಸ್ ಅವರ ಪ್ರಯೋಗದಲ್ಲಿ ಎರಡು ಬಗೆಯ ಸೀರಮ್ ಏಕೆ ಬೇಕಾಯಿತು?
4. ಗ್ರಾಹಕ, ಕಿರುತಟ್ಟೆ, ಬೆಳವಣಿಗೆ ಅಂಶ: ಇವುಗಳ ಇಂಗ್ಲಿಷ್ ಹೆಸರುಗಳನ್ನು ಹೇಳಿ, ಪ್ರತಿಯೊಂದನ್ನೂ ನಿಮ್ಮ ಮನೆಮಾತಿನಲ್ಲಿ ಒಂದು ವಾಕ್ಯದಲ್ಲಿ ವಿವರಿಸಿ.

ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರ ಗ್ರಾಂಥಿಕವಾಗಿರಬೇಕಿಲ್ಲ. ವಿಜಯಪುರದ ಮಾತಾಗಲಿ, ಕೊಪ್ಪಳದ ಮಾತಾಗಲಿ, ಅರ್ಥ ಸರಿಯಿದ್ದರೆ ಪೂರ್ಣ ಅಂಕ ನೀಡಬೇಕು.