ಭೂತಬಂಗಲೆಗೆ ಮನೆಮಂದಿಯ ಸವಾರಿ: ಮರೆತುಹೋದ ಆಟವೊಂದನ್ನು ಮರಳಿ ಆಡುವ ಕ್ರಮ

ವಿಡಿಯೊ ಗೇಮುಗಳ ಚರಿತ್ರೆಯಲ್ಲಿ ಯೋಗ್ಯತೆಗೆ ತಕ್ಕ ಮನ್ನಣೆಯನ್ನು ಪಡೆಯದೆ ಮೂಲೆ ಸೇರಿದ ಕೃತಿಗಳ ಪಟ್ಟಿಯೊಂದನ್ನು ಯಾರಾದರೂ ಬರೆಯಹೊರಟರೆ, ಇಂಗ್ಲೆಂಡಿನ ರೇರ್ ಸಂಸ್ಥೆಯು 2003ರ ಅಕ್ಟೋಬರಿನಲ್ಲಿ ಎಕ್ಸ್‌ಬಾಕ್ಸಿಗಾಗಿ ಹೊರತಂದ ‘ಗ್ರ್ಯಾಬ್ಡ್ ಬೈ ದ ಘೂಲೀಸ್’ ಎಂಬ ಭೂತಬಂಗಲೆಯ ಆಟವನ್ನು ಮೊದಲ ಸಾಲುಗಳಲ್ಲಿಯೇ ನಮೂದಿಸಬೇಕಾದೀತು. 1997ರ ‘ಗೋಲ್ಡನ್‌ಐ’, 1998ರ ‘ಬ್ಯಾಂಜೊ-ಕಜೂಯಿ’ಗಳಂಥ ಕೃತಿಗಳಿಂದ ಕೀರ್ತಿಶಿಖರವನ್ನೇರಿದ್ದ ಈ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2002ರಲ್ಲಿ ಮೂವತ್ತೇಳೂವರೆ ಕೋಟಿ ಡಾಲರುಗಳಿಗೆ ಕೊಂಡ ಮೇಲೆ, ಇಷ್ಟು ಹಣಕ್ಕೆ ಎಂಥ ಮಹಾಕೃತಿ ಬಂದೀತೋ ಎಂದು ಜಗತ್ತು ಕಾದು ಕುಳಿತಿದ್ದಾಗ ಹೊರಬಂದದ್ದು ಈ ಪುಟ್ಟ ವಿನೋದ. ಅಂಥ ಅಪೇಕ್ಷೆಯ ತಕ್ಕಡಿಯಲ್ಲಿ ಅದು ಹಗುರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಬ್ಬ ಆಟಗಾರನ ಪರಾಕ್ರಮಕ್ಕಾಗಿ ಅಲ್ಲದೆ, ಒಂದೇ ಕೋಣೆಯಲ್ಲಿ ಕೂಡಿ ಕುಳಿತ ಮನೆಮಂದಿಗಾಗಿ ಇದನ್ನು ಅಳೆದು ನೋಡಿದರೆ, ಅದರ ತೂಕವೇ ಬೇರೆಯೆಂಬುದು ನನ್ನ ಅಭಿಪ್ರಾಯ.

ಮುಂಡಗೋಡ ತಾಲ್ಲೂಕಿನ ನಮ್ಮ ಇಂದೂರಿನಲ್ಲಿ ಆಷಾಢದ ಮಳೆ ಹಿಡಿದು ಕುಳಿತಿತೆಂದರೆ, ಹುಡುಗರನ್ನು ಸಂಜೆಯ ಹೊತ್ತು ಮನೆಯೊಳಗೆ ತಡೆದಿರಿಸುವುದು ಹಿರಿಯರ ಪಾಲಿಗೆ ಒಂದು ಉದ್ಯೋಗವೇ ಆಗಿಬಿಡುತ್ತದೆ. ಅಂಥ ಸಂಜೆಗಳಿಗೆ ಒಪ್ಪುವ ಆಟವಿದು. ಇದನ್ನು ದೊರಕಿಸಿಕೊಂಡು, ಹೊಂದಿಸಿಕೊಂಡು, ಆಡತಕ್ಕ ಕ್ರಮವನ್ನು ಇಲ್ಲಿ ಹೇಳಿದೆ.

ಮೊದಲ ಕೆಲಸ ಆಟವನ್ನು ಸಂಪಾದಿಸುವುದು. ಹಳೆಯ ಎಕ್ಸ್‌ಬಾಕ್ಸನ್ನೂ 2003ರ ಬಿಲ್ಲೆಯನ್ನೂ ಅರಸುವ ಶ್ರಮ ಬೇಡ. ರೇರ್ ಸಂಸ್ಥೆ ತನ್ನ ಮೂವತ್ತನೆಯ ವರ್ಷದ ನೆನಪಿಗೆ ಮೂವತ್ತು ಆಟಗಳನ್ನು ಒಟ್ಟುಗೂಡಿಸಿ 2015ರ ಆಗಸ್ಟಿನಲ್ಲಿ ಎಕ್ಸ್‌ಬಾಕ್ಸ್ ಒನ್‌ಗಾಗಿ ಪ್ರಕಟಿಸಿದ ‘ರೇರ್ ರೀಪ್ಲೇ’ ಎಂಬ ಸಂಕಲನದಲ್ಲಿ ಇದೂ ಸೇರಿದೆ. ಚಿತ್ರಗಳು ಮೂಲಕ್ಕಿಂತ ನಿಚ್ಚಳವಾಗಿಯೂ ಚಲನೆ ಸರಾಗವಾಗಿಯೂ ಇರುವುದರಿಂದ ಆಡುವುದಕ್ಕೂ ಇದೇ ಲೇಸು. ಹೊಸ ಸೀರೀಸ್ ಎಕ್ಸ್, ಸೀರೀಸ್ ಎಸ್ ಯಂತ್ರಗಳಲ್ಲಿಯೂ ಇದು ನಡೆಯುತ್ತದೆ. ಆದರೆ ಸೀರೀಸ್ ಎಸ್ ಯಂತ್ರಕ್ಕೆ ಬಿಲ್ಲೆ ಹಾಕುವ ಬಾಯಿಯೇ ಇಲ್ಲವಾದ್ದರಿಂದ, ಅಗ್ಗಕ್ಕೆ ಸಿಕ್ಕಿತೆಂದು ಹುಬ್ಬಳ್ಳಿಯಿಂದ ಬಿಲ್ಲೆಯನ್ನು ತಂದು ತಲೆಯ ಮೇಲೆ ಕೈಹೊತ್ತು ಕೂರಬಾರದು. ಅಂತರಜಾಲದಿಂದ ಇಳಿಸಿಕೊಳ್ಳುವವರು ಹತ್ತಾರು ಜಿಬಿಯ ಹೊರೆಯನ್ನು ಮನಗಂಡು, ರಾತ್ರಿ ಮಲಗುವ ಮುನ್ನ ಆ ಕೆಲಸಕ್ಕೆ ಹಚ್ಚಿಟ್ಟರೆ ಒಳಿತು.

ತರುವಾಯ ಕೋಣೆಯ ಏರ್ಪಾಡು. ದೀಪಗಳನ್ನು ಪೂರ್ತಿಯಾಗಿ ಆರಿಸತಕ್ಕದ್ದಲ್ಲ. ಮಕ್ಕಳ ಬೆನ್ನ ಹಿಂದೆ ಒಂದು ಮಂದದೀಪವಿರಲಿ. ಧ್ವನಿಯನ್ನು ಮಾತ್ರ ಕುಗ್ಗಿಸಬೇಡಿ. ಬ್ಯಾಂಜೊಗೆ ಸಂಗೀತವನ್ನು ರಚಿಸಿದ ಗ್ರ್ಯಾಂಟ್ ಕರ್ಕ್‌ಹೋಪರೇ ಇದಕ್ಕೂ ಸಂಗೀತಕಾರರು. ಹೆದರಿಸುವಂತೆ ನಟಿಸುತ್ತಲೇ ಕಚಗುಳಿಯಿಡುವ ಆ ವಾದ್ಯಗಳಿಲ್ಲದೆ ಈ ಬಂಗಲೆ ಅರ್ಧ ಸತ್ತಂತೆಯೇ.

ಕಥೆ ಸರಳವಾದದ್ದು. ಕೂಪರ್ ಎಂಬ ತರುಣನೂ ಆತನ ಗೆಳತಿ ಆಂಬರಳೂ ಬಿರುಗಾಳಿಗೆ ಸಿಕ್ಕಿ ಘೂಲ್‌ಹೇವನ್ ಹಾಲ್ ಎಂಬ ಮಹಲಿನ ಬಳಿಗೆ ಬರುತ್ತಾರೆ. ಮಹಲಿನ ಒಡೆಯ ಬ್ಯಾರನ್ ವಾನ್ ಘೂಲನು ಆಂಬರಳನ್ನು ಅಪಹರಿಸುತ್ತಾನೆ. ಆಕೆಯನ್ನು ಬಿಡಿಸಿ ತರಲು ಕೂಪರನು ಕೋಣೆಯಿಂದ ಕೋಣೆಗೆ ಹೋರಾಡುತ್ತ ಸಾಗಬೇಕು. ಇದೆಲ್ಲವೂ ಚಿತ್ರಕಥೆಯ ಪುಟಗಳಂತೆ ಚೌಕಟ್ಟು ಚೌಕಟ್ಟಾಗಿ ತೆರೆದುಕೊಳ್ಳುತ್ತದೆ. ಪಾತ್ರಗಳು ನಿಜವಾದ ಮಾತನ್ನೇ ಆಡುವುದಿಲ್ಲ. ಗುರುಗುಟ್ಟುತ್ತ, ಗೊಣಗುತ್ತ ಅರ್ಥವಿಲ್ಲದ ಸದ್ದು ಮಾಡುತ್ತವೆ, ಮಾತು ಗುಳ್ಳೆಯಲ್ಲಿ ಬರಹವಾಗಿ ಮೂಡುತ್ತದೆ. ಕನ್ನಡದ ಮನೆಗೆ ಇದು ಅನಾಯಾಸವಾಗಿ ಒದಗಿದ ಸೌಕರ್ಯ. ಇಂಗ್ಲಿಷ್ ಬಲ್ಲ ಒಬ್ಬರು ಆ ಗುಳ್ಳೆಯನ್ನೋದಿ, ಮಹಲಿನ ಬಟ್ಲರ್ ಕ್ರಿವೆನ್ಸನಿಗೊಂದು ಧ್ವನಿ, ಅಡುಗೆಯ ಮಾ ಸೂಪ್ಸ್‌ವಿಲ್‌ಗೆ ಇನ್ನೊಂದು ಧ್ವನಿ ಕೊಟ್ಟು ನಮ್ಮ ಸೀಮೆಯ ಮಾತಿನಲ್ಲಿ ಹೇಳಿಬಿಟ್ಟರೆ, ಇನ್ನೂ ಓದಲು ಬಾರದ ಕೂಸಿಗೂ ಕಥೆ ದಕ್ಕುತ್ತದೆ. ನಮ್ಮ ಮನೆಯಲ್ಲಿ ಬ್ಯಾರನ್ ದೊಡ್ಡಾಟದ ರಕ್ಕಸನ ಗತ್ತಿನಲ್ಲಿಯೇ ಅಬ್ಬರಿಸುವುದು.

ಇನ್ನು ಆಡುವ ವಿಧಾನ. ಕಂಟ್ರೋಲರಿನ ಎಡದ ಕಡ್ಡಿ ನಡೆಯುವುದಕ್ಕೆ, ಬಲದ ಕಡ್ಡಿ ಹೊಡೆಯುವುದಕ್ಕೆ. ಭೂತವು ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿಗೆ ಬಲದ ಕಡ್ಡಿಯನ್ನು ನೂಕಿದರೆ ಕೂಪರನು ಅತ್ತಲೇ ಗುದ್ದುತ್ತಾನೆ. ಬಿರುಸಿನ ಆಟಗಳಲ್ಲಿ ಪಳಗಿದವರು ಇದನ್ನೇ ದೋಷವೆಂದು ಎಣಿಸಿದರು. ಆದರೆ ಗುಂಡಿಗಳ ಜಂಜಾಟವನ್ನರಿಯದ ಅಜ್ಜನೂ ಅದೇ ಕಾರಣದಿಂದ ಬಹುಬೇಗನೆ ಈ ಆಟದಲ್ಲಿ ತೊಡಗಬಲ್ಲನು. ಕುರ್ಚಿಯೋ ತಟ್ಟೆಯೋ ಕೈಗೆಟುಕಿದ್ದನ್ನು ಎತ್ತಿ ಬೀಸಬಹುದು. ಕೆಲವು ಏಟಿಗೆ ಅದು ಮುರಿಯುತ್ತದೆ, ಮತ್ತೊಂದನ್ನು ಹುಡುಕಬೇಕು. ಕೆಲವು ಕೋಣೆಗಳಲ್ಲಿ ಕುರ್ಚಿಗೇ ದೆವ್ವ ಮೆಟ್ಟಿರುವುದುಂಟು, ಎಚ್ಚರ.

ಈ ಆಟದ ಜೀವಾಳ ಕೋಣೆಯ ನಿಯಮದಲ್ಲಿದೆ. ಒಳಹೊಕ್ಕೊಡನೆಯೆ ಬಾಗಿಲು ಭದ್ರವಾಗುತ್ತದೆ. ತೆರೆಯ ಮೇಲೆ ಷರತ್ತು ಕಾಣಿಸುತ್ತದೆ: ಎಲ್ಲ ಭೂತಗಳನ್ನೂ ಸೋಲಿಸಬೇಕು, ಅಥವಾ ಗೊತ್ತಾದ ವೇಳೆಯೊಳಗೆ ಮುಗಿಸಬೇಕು, ಅಥವಾ ಆಯುಧದಿಂದಲ್ಲದೆ ಬರಿಗೈಯಿಂದ ಹೊಡೆಯಬಾರದು, ಅಥವಾ ಇಂಥ ಜಾತಿಯ ಭೂತವನ್ನು ಮುಟ್ಟಲೇಬಾರದು. ಕೂಪರನ ಪ್ರಾಣಬಲವೂ ಕೋಣೆಗೊಂದರಂತೆ ಹೊಸದಾಗಿ ಗೊತ್ತಾಗುವುದರಿಂದ, ಹಿಂದಿನ ಕೋಣೆಯ ಶೌರ್ಯವಾಗಲಿ ಸೋಲಾಗಲಿ ಇಲ್ಲಿಗೆ ಅಂಟಿಬರುವುದಿಲ್ಲ. 1990ರ ದಶಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವಕ್ಕೇ ವಾಯಿದೆ ಕೊಟ್ಟು ಕಳಿಸಿದ ನಾಡಿನವರಾದ ನಮಗೆ, ಬಾಗಿಲಿಗೊಂದು ಕರಾರು ಎಂಬುದು ತೀರ ಅಪರಿಚಿತವೇನೂ ಅಲ್ಲ. ಆದ್ದರಿಂದ ಪಾತ್ರಗಳನ್ನು ಹೀಗೆ ಹಂಚಿಕೊಳ್ಳಿ: ಒಬ್ಬರ ಕೈಯಲ್ಲಿ ಕಂಟ್ರೋಲರ್, ಇನ್ನೊಬ್ಬರಿಗೆ ನಿಯಮವನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳುವ ಹೊಣೆ, ಮೂರನೆಯವರಿಗೆ ಮೂಲೆಗಳ ಮೇಲೆ ಕಣ್ಣು. ಕೋಣೆ ಮುಗಿದೊಡನೆ ಕೈ ಬದಲಾಗಲಿ; ಚಿಕ್ಕವರಿಗೆ ಕಷ್ಟವೆನಿಸಿದ ಕೋಣೆಯನ್ನು ದೊಡ್ಡವರು ದಾಟಿಸಿಕೊಟ್ಟರೆ ಅಧರ್ಮವೇನಾಗದು.

ನಿಯಮವನ್ನು ಮುರಿದರೆ ಕರಿನಿಲುವಂಗಿಯ, ಎಲುಬು ಬೆರಳಿನ ಯಮದೂತನು ಪ್ರತ್ಯಕ್ಷನಾಗಿ ಬೆನ್ನಟ್ಟುತ್ತಾನೆ. ಆತನ ಬೆರಳು ತಗುಲಿತೆಂದರೆ ಆಟ ಅಲ್ಲಿಗೆ ಮುಗಿದು, ಆ ಕೋಣೆಯನ್ನು ಮತ್ತೆ ಮೊದಲಿನಿಂದ ಆಡಬೇಕು. ಆದರೆ ಆತ ಕಾಣಿಸಿಕೊಂಡ ಮಾತ್ರಕ್ಕೆ ಕೈಚೆಲ್ಲಬೇಕಾದುದಿಲ್ಲ. ಒಂದೆಡೆ ನಿಲ್ಲದೆ ಕೋಣೆಯಲ್ಲಿ ಸುತ್ತುತ್ತ, ಅವನಿಂದ ದೂರವಿರುವ ಭೂತಗಳನ್ನು ಮುಗಿಸಿದರೆ ಬಾಗಿಲು ತೆರೆಯುತ್ತದೆ. ಮಕ್ಕಳು ಅತಿಯಾಗಿ ಚೀರುವುದು ಇಲ್ಲಿಯೇ, ಅತಿಯಾಗಿ ನಗುವುದೂ ಇಲ್ಲಿಯೇ.

ಇನ್ನೊಂದು ಬಗೆಯ ಭಯ ಏಕಾಏಕಿ ಬರುತ್ತದೆ. ಅದರ ಹೆಸರು ‘ಸೂಪರ್ ಸ್ಕೇರಿ ಶಾಕ್’. ಏನೋ ಒಂದು ಮುಖಕ್ಕೆ ನುಗ್ಗಿದಂತಾಗಿ ತೆರೆಯ ಮೇಲೆ ಗುಂಡಿಗಳ ಸಾಲು ಮೂಡುತ್ತದೆ, ಅದನ್ನು ಕ್ರಮತಪ್ಪದೆ ಬೇಗನೆ ಒತ್ತಬೇಕು. ಎ, ಬಿ, ಎಕ್ಸ್, ವೈ ಗುಂಡಿಗಳು ಎಲ್ಲಿವೆ ಎಂಬುದನ್ನು ನೋಡದೆ ಹೇಳುವಂತೆ ಮಕ್ಕಳಿಗೆ ಮೊದಲೇ ರೂಢಿಮಾಡಿಸಿರಿ. ನಿಜಕ್ಕೂ ಅಂಜುಬುರುಕವಾದ ಮಗುವಿದ್ದರೆ, ಮೊದಲ ಒಂದೆರಡು ಸಂಜೆ ಅದು ನಿಯಮವನ್ನು ಕಾಯುವ ಹೊಣೆಯಲ್ಲಿಯೇ ಇರಲಿ.

ಒಂದು ಸಂಜೆಗೆ ಕೆಲವೇ ಕೋಣೆಗಳು ಸಾಕು. ಮಳೆಗಾಲದಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಕೈಕೊಟ್ಟೀತೆಂದು ಹೇಳಲಾಗದ ನಮ್ಮಂಥ ಕಡೆ, ಹಿಡಿದ ಕೋಣೆಯನ್ನು ಮುಗಿಸಿಯೇ ನಿಲ್ಲಿಸುವುದು ಜಾಣತನ. ಗುಡುಗು ಸಮೀಪಿಸಿತೆಂದರೆ ಮಾತ್ರ ಭೂತವನ್ನು ಅದರ ಪಾಡಿಗೆ ಬಿಟ್ಟು ಪ್ಲಗ್ಗನ್ನು ಕಿತ್ತಿಡಿ.

ಕಥೆಯನ್ನು ಮುಗಿಸಿದವರಿಗೆ ಎರಡನೆಯ ಸುತ್ತಿನ ಸೊಗಸು ಬೇರೆಯುಂಟು. ಐದು ಅಧ್ಯಾಯಗಳಲ್ಲಿ, ಅಧ್ಯಾಯಕ್ಕೆ ಇಪ್ಪತ್ತರಂತೆ, ಒಟ್ಟು ನೂರು ‘ಬೋನಸ್ ಬುಕ್ಕು’ಗಳು ಪೀಠೋಪಕರಣಗಳ ಒಳಗೂ ಸಂದುಗೊಂದುಗಳಲ್ಲಿಯೂ ಅಡಗಿವೆ, ಐದೈದು ಸಿಕ್ಕಂತೆ ಒಂದೊಂದು ಸವಾಲು ತೆರೆಯುತ್ತದೆ. ಇಪ್ಪತ್ತು ಸವಾಲುಗಳಲ್ಲಿಯೂ ಚಿನ್ನದ ಪದಕ ಗಳಿಸಿದವರಿಗೆ ಇಪ್ಪತ್ತೊಂದನೆಯದು ಲಭ್ಯ: ಅಲ್ಲಿ ಕೂಪರನಿಗೆ ಬದಲಾಗಿ ಆಂಬರಳಾಗಿಯೇ ಆಡಬಹುದು. ಚಿನ್ನಕ್ಕಾಗಿ ಹಟ ಹಿಡಿಯುವುದು ನನ್ನ ಜಾಯಮಾನವಲ್ಲ. ಮನೆಯಲ್ಲಿ ಹದಿಹರೆಯದವರಿದ್ದರೆ ಆ ಕೆಲಸವನ್ನು ಅವರಿಗೊಪ್ಪಿಸುವುದೇ ಕ್ಷೇಮ.

ಅದೇ ಸಂಕಲನದಲ್ಲಿ ಈ ಬಂಗಲೆಯ ಮುತ್ತಜ್ಜನೂ ಇದ್ದಾನೆ. ರೇರ್ ಹುಟ್ಟುವ ಮೊದಲೇ ಅದರ ಸ್ಥಾಪಕರಾದ ಸ್ಟ್ಯಾಂಪರ್ ಸಹೋದರರು 1983ರಲ್ಲಿ ಸ್ಪೆಕ್ಟ್ರಮ್ ಗಣಕಕ್ಕಾಗಿ ರಚಿಸಿದ ‘ಅಟಿಕ್ ಅಟ್ಯಾಕ್’ ಎಂಬ ದೆವ್ವದ ಕೋಟೆಯ ಆಟ ಅದು. ಚಿನ್ನದ ಕೀಲಿಯ ಮೂರು ತುಂಡುಗಳನ್ನು ಹುಡುಕಿ ಹೊರಬೀಳಬೇಕು. ಉಳಿದಿರುವ ಪ್ರಾಣಬಲವನ್ನು ತೋರಿಸಲು ತೆರೆಯ ಬದಿಯಲ್ಲಿ ಹುರಿದ ಕೋಳಿಯೊಂದು ಕರಗುತ್ತ ಕರಗುತ್ತ ಎಲುಬಾಗುತ್ತದೆ. ಸೈನಿಕ, ಮಂತ್ರವಾದಿ, ಆಳು ಎಂಬ ಮೂವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕಷ್ಟೆ; ಸೈನಿಕನಿಗೆ ಗಡಿಯಾರಗಳೂ ಮಂತ್ರವಾದಿಗೆ ಪುಸ್ತಕದ ಕಪಾಟುಗಳೂ ಆಳಿಗೆ ಪೀಪಾಯಿಗಳೂ ಗುಪ್ತಮಾರ್ಗಗಳಾಗಿವೆ. ಹಾಳೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಹೋದ ಕೋಣೆಗಳ ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತ ಸಾಗಿರಿ.