ತಲಕಟ್ಟು: ಬರೆಯುವ ಕ್ರಮವೂ ಅದರ ಅರ್ಥವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಅನೇಕ ಬಾಲಿಕೆಯರು ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವರು. ಅಜ್ಜಿಯ ಕಾಗದವು ಒಂದು ಲಿಪಿಯಲ್ಲಿ, ಪಾಠಪುಸ್ತಕವು ಇನ್ನೊಂದರಲ್ಲಿ ಇರುವುದುಂಟು. ಎರಡನ್ನೂ ಕಲಿತರೆ ಬರಹವು ಕೆಡುವುದೆಂದು ಅಂಜಿ ಮನೆಯ ಲಿಪಿಯನ್ನೇ ಬಿಡಿಸುವ ತಾಯ್ತಂದೆಗಳುಂಟು. ಈ ಅಂಜಿಕೆಗೆ ಮುಖ್ಯ ಕಾರಣವಾದ ತಲಕಟ್ಟೆಂಬ ಸಣ್ಣ ಗೆರೆಯನ್ನು ಇಲ್ಲಿ ವಿಚಾರಿಸುವೆವು.

ಗ ಎಂಬ ಅಕ್ಷರವನ್ನು ತೆಗೆದುಕೊಳ್ಳೋಣ. ಎಡಗಡೆಯ ಕೆಳತುದಿಯಿಂದ ಮೇಲೇರಿ, ಕಮಾನಿನಂತೆ ಬಾಗಿ, ಬಲಗಡೆಗೆ ಇಳಿಯತಕ್ಕದ್ದು. ಇದು ಅಕ್ಷರದ ಒಡಲು. ಎರಡು ಭಾಷೆಗಳಿಗೂ ಒಂದೇ. ಇದರ ನೆತ್ತಿಯ ಮೇಲೆ ಅಡ್ಡಗೆರೆಯನ್ನೆಳೆದು ಬಲತುದಿಯನ್ನು ತುಸು ಸುರುಳಿಸಿದರೆ ಕನ್ನಡದ ತಲಕಟ್ಟು. ಲೆಕ್ಕವು ಸರಿಯೆಂದು ಉಪಾಧ್ಯಾಯಿನಿಯು ಹಾಕುವ ಗುರುತಿನಂತೆ ಇಳಿದು ಏರಿದರೆ ತೆಲುಗಿನದು. ಹೆಸರು ಎರಡರಲ್ಲಿಯೂ ತಲಕಟ್ಟೇ. ದ, ನ, ರ, ವ ಎಂಬುವಕ್ಕೂ ಬಹುಮಟ್ಟಿಗೆ ಇದೇ ಕ್ರಮ. ಜ, ಣ, ಬ, ಲ ಎಂಬುವಕ್ಕೆ ಎರಡರಲ್ಲಿಯೂ ತಲಕಟ್ಟಿಲ್ಲ. ಕ, ತ, ಶ ಎಂಬುವುಗಳ ಒಡಲೇ ಬೇರೆಯಾದುದರಿಂದ ಅವನ್ನು ಪ್ರತ್ಯೇಕವಾಗಿ ತಿದ್ದಿಸಬೇಕು.

ಈ ಗೆರೆಗೆ ಅರ್ಥವೇನು? ಕಾಗುಣಿತವನ್ನು ನೆನೆಯಿರಿ. ಗ ಎಂಬುದರಲ್ಲಿ ಅಕಾರದ ಗುರುತೇ ತಲಕಟ್ಟು. ಗಿ ಎಂದು ಬರೆಯುವಾಗ ಅದು ಹೋಗಿ ಗುಡಿಸು ಬರುವುದು. ಗೆ ಎನ್ನುವಾಗ ಏತ್ವವು ಬರುವುದು. ಗು ಎಂಬುದರಲ್ಲಿ ಅದು ನಿಂತು, ಕೊಂಬು ಬಲಗಡೆಗೆ ಸೇರುವುದು. ಅಗ್ಗ ಎಂಬಲ್ಲಿ ಕೆಳಗಣ ಒತ್ತಿಗೆ ತಲಕಟ್ಟಿಲ್ಲ. ಸ್ವರದ ಗುರುತನ್ನು ಮೇಲಣ ಅಕ್ಷರವೇ ಹೊತ್ತಿರುವುದು. ಇದನ್ನರಿತ ಬಾಲಿಕೆಯು ತಲಕಟ್ಟನ್ನು ಅಲಂಕಾರವೆಂದೆಣಿಸಿ ಮನಬಂದಂತೆ ಗೀಚಳು.

ಕದಂಬ, ಚಾಲುಕ್ಯರ ಕಾಲದಲ್ಲಿ ಎರಡು ಭಾಷೆಗಳಿಗೂ ಒಂದೇ ಲಿಪಿಯಿದ್ದಿತು. ಅದು ಮೆಲ್ಲಮೆಲ್ಲನೆ ಕವಲೊಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಆ ಭೇದವನ್ನು ಸ್ಥಿರಪಡಿಸಿದವು. 1905ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವಾಗಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಉಂಟು. ಹಲವು ನುಡಿಗಳ ಬರಹವು ಈ ನೆಲಕ್ಕೆ ಹೊಸದಲ್ಲ.

ಆದುದರಿಂದ ತಾಯ್ತಂದೆಗಳೇ, ಮನೆಯ ಲಿಪಿಯನ್ನು ಬಿಡಿಸಬೇಡಿರಿ. ಎರಡಕ್ಕೂ ಬೇರೆ ಬೇರೆ ಪುಸ್ತಕಗಳನ್ನು ಕೊಡಿಸಿ, ಒಂದೇ ಅಕ್ಷರವನ್ನು ಎರಡರಲ್ಲಿಯೂ ಬರೆಯಿಸಿ, ತಲೆಯ ಭೇದವನ್ನು ಮಗಳಿಂದಲೇ ಹೇಳಿಸಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾದವರು ಈ ಕೆಲಸವನ್ನು ಸುಲಭವಾಗಿ ಮಾಡಬಲ್ಲರು. ಶಾಲೆಯಲ್ಲಿ ಕನ್ನಡದ ತಲಕಟ್ಟನ್ನು ನಾವು ತಿದ್ದಿಸುವೆವು; ಅಜ್ಜಿಯ ಕಾಗದಕ್ಕೆ ಅಜ್ಜಿ ಓದಬಲ್ಲ ಅಕ್ಷರದಲ್ಲಿಯೇ ಮೊಮ್ಮಗಳಿಂದ ಉತ್ತರವನ್ನು ನೀವು ಬರೆಯಿಸಿರಿ.